ಮೈದಾನದಿಂದ ಶುರು ಮಾಡಿ: ಆಟ, ಊರು, ನೆನಪಿನ ಬಗ್ಗೆ ಬರೆಯುವವರಿಗೆ

ಆಟದ ಬಗ್ಗೆ ಬರೆಯಲು ಕೂತವರು ಬಹಳ ಸಲ ಗೆಲುವಿನಿಂದ ಶುರು ಮಾಡುತ್ತಾರೆ. ಕೊನೆಯ ಓವರ್, ಕೊನೆಯ ಪಟ್ಟು, ಕಪ್ ಎತ್ತಿ ಹಿಡಿದ ಕೈ. ಅದೆಲ್ಲ ಮರುದಿನದ ಪತ್ರಿಕೆಯಲ್ಲೇ ಬಂದುಹೋಗಿರುತ್ತದೆ. ಓದುಗರಿಗೆ ಸಿಗದೇ ಹೋದ ಸಂಗತಿಗಳೇ ಬೇರೆ. ಆಟ ನಡೆದ ಜಾಗ ಹೇಗಿತ್ತು? ಅಲ್ಲಿ ಯಾರು ನಿಂತಿದ್ದರು, ಯಾರನ್ನು ಹತ್ತಿರ ಬಿಡುತ್ತಿರಲಿಲ್ಲ? ಇಷ್ಟು ವರ್ಷ ಕಳೆದ ಮೇಲೂ ಅದು ಯಾಕೆ ಕಾಡುತ್ತದೆ?

ಇಂಥ ಬರಹ ಕಥೆಯಲ್ಲ, ವರದಿಯೂ ಅಲ್ಲ. ನಡೆದದ್ದನ್ನೇ ಬರೆಯಬೇಕು, ಓದುವವರಿಗೆ ಕಣ್ಣಾರೆ ಕಂಡಂತೆ ಆಗಬೇಕು. ಲಲಿತ ಪ್ರಬಂಧ, ನುಡಿಚಿತ್ರ, ಅನುಭವ ಕಥನ ಅಂತ ನಮ್ಮಲ್ಲಿ ಇದಕ್ಕೆ ಹತ್ತಿರದ ಪ್ರಕಾರಗಳು ಮೊದಲಿನಿಂದಲೂ ಇವೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ: ಜಾಗವನ್ನು ಬರಹದ ನಡುವೆ ಇಟ್ಟುಕೊಳ್ಳಿ. ಆಟ ಮುಗಿಯುತ್ತದೆ, ನೆನಪು ಬಣ್ಣ ಬದಲಿಸುತ್ತದೆ. ಜಾಗ ಮಾತ್ರ, ಎಷ್ಟೇ ಬದಲಾದರೂ, ಹೋಗಿ ನೋಡಲು ಸಿಗುತ್ತದೆ.

1. ಚಿಕ್ಕ ಜಾಗ ಆರಿಸಿ

"ಮೈಸೂರಿನ ಕುಸ್ತಿ" ಎಂಬ ವಿಷಯ ಒಂದು ಲೇಖನಕ್ಕೆ ಹಿಡಿಸುವುದಿಲ್ಲ. ನಿಮ್ಮ ಬೀದಿಯ ಒಂದು ಗರಡಿ ಹಿಡಿಸುತ್ತದೆ. ಅಲ್ಲಿಯ ಕೆಂಪು ಮಟ್ಟಿ, ಆಂಜನೇಯನ ಪಟ, ಮೂಲೆಯಲ್ಲಿ ಒರಗಿಸಿಟ್ಟ ಗದೆ, ಕರ್ಲಾಕಟ್ಟೆ, ಬೆಳಗಿನ ಜಾವ ದಂಡ ಬಸ್ಕಿ ಹೊಡೆಯುವ ಹುಡುಗರು. ಇಷ್ಟರಿಂದಲೇ ದಸರಾ ಕುಸ್ತಿಯ ಅಖಾಡದವರೆಗೂ ಹೋಗಬಹುದು, ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ನಡೆಯುವ ಜಟ್ಟಿ ಕಾಳಗದವರೆಗೂ ಹೋಗಬಹುದು.

ಕೊಡಗಿನ ಕೌಟುಂಬಿಕ ಹಾಕಿಯೂ ಹಾಗೇ. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಶುರುವಾದದ್ದು ಈಗ ಮುನ್ನೂರು ದಾಟಿದೆ. ಪ್ರತಿ ವರ್ಷ ಒಂದು ಒಕ್ಕ, ಅಂದರೆ ಒಂದು ಮನೆತನ, ಅದನ್ನು ನಡೆಸುತ್ತದೆ, ಆ ವರ್ಷದ ಕಪ್‌ಗೆ ಆ ಮನೆತನದ್ದೇ ಹೆಸರು. ಇಡೀ ಉತ್ಸವವನ್ನು ಬರೆಯಲು ಹೋದರೆ ಪಟ್ಟಿ ಆಗುತ್ತದೆ. ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋದ ಒಂದು ತಂಡವನ್ನು ಹಿಡಿಯಿರಿ. ಅದರಲ್ಲಿ ಅಪ್ಪ, ಮಗಳು, ಬೆಂಗಳೂರಿನಿಂದ ರಜೆ ಹಾಕಿ ಬಂದ ಚಿಕ್ಕಪ್ಪ ಒಟ್ಟಿಗೆ ಆಡಿರಬಹುದು. ಆ ಮನೆತನಕ್ಕೂ ಆ ಮೈದಾನಕ್ಕೂ ಏನು ನಂಟು ಅಂತ ಕೇಳಿದರೆ ಸಾಕು, ಬರಹಕ್ಕೆ ದಾರಿ ಸಿಗುತ್ತದೆ.

ಒಂದು ಪರೀಕ್ಷೆ ಮಾಡಿ ನೋಡಿ. ನೀವು ಆರಿಸಿದ ಜಾಗವನ್ನು ಅರ್ಧ ಗಂಟೆಯಲ್ಲಿ ನಡೆದು ಸುತ್ತಿ ಬರಬಹುದೇ? ಆಗುವುದಿಲ್ಲ ಎಂದಾದರೆ ಇನ್ನೂ ಚಿಕ್ಕದು ಬೇಕು.

2. ಏನನ್ನೂ ಹುಡುಕುವ ಮೊದಲು ನೆನಪನ್ನು ಬರೆದಿಡಿ

ಇದನ್ನು ದಯವಿಟ್ಟು ತಪ್ಪಿಸಬೇಡಿ. ಒಮ್ಮೆ ಯೂಟ್ಯೂಬ್ ನೋಡಿದಿರೋ, ನಿಮ್ಮ ನೆನಪಿನ ಜಾಗದಲ್ಲಿ ಕ್ಯಾಮೆರಾ ಬಂದು ಕೂರುತ್ತದೆ.

1996ರ ಮಾರ್ಚ್ 9ರ ವಿಶ್ವಕಪ್ ಕ್ವಾರ್ಟರ್ ಫೈನಲ್ ತೆಗೆದುಕೊಳ್ಳಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಎದುರಿಗೆ ಪಾಕಿಸ್ತಾನ. ಆಮಿರ್ ಸೊಹೇಲ್ ಬೌಂಡರಿ ಬಾರಿಸಿ ವೆಂಕಟೇಶ್ ಪ್ರಸಾದ್ ಕಡೆ ಬ್ಯಾಟ್ ತೋರಿಸಿದ್ದು, ಮುಂದಿನ ಎಸೆತದಲ್ಲೇ ಬೌಲ್ಡ್ ಆದದ್ದು ಎಲ್ಲರಿಗೂ ನೆನಪಿದೆ. ನೋಡಿದವರ ತಲೆಯಲ್ಲಿ ಮಾತ್ರವಲ್ಲ, ಆಮೇಲೆ ಹುಟ್ಟಿದವರ ತಲೆಯಲ್ಲೂ ಅದೇ ಚಿತ್ರ ಇದೆ. ಹಾಗಾಗಿ ಅದನ್ನು ನೀವು ಮತ್ತೆ ಬಣ್ಣಿಸಿದರೆ ಓದುಗರಿಗೆ ಹೊಸದೇನೂ ಸಿಗುವುದಿಲ್ಲ. ಅವತ್ತು ಟೀವಿ ಯಾರ ಮನೆಯಲ್ಲಿತ್ತು? ಕಿಟಕಿಯ ಹೊರಗೆ ನಿಂತು ನೋಡಿದವರು ಯಾರು? ಒಳಗೆ ಕೂರುವವರು, ಹೊರಗೆ ನಿಲ್ಲುವವರು ಅಂತ ಭೇದ ಇತ್ತೇ? ಅಡುಗೆಮನೆಯಲ್ಲಿದ್ದವರು ಓಡಿ ಬಂದರೇ, ಇಲ್ಲ ಕೂಗು ಕೇಳಿಯೇ ಸುಮ್ಮನಾದರೇ? ಇದು ನಿಮ್ಮ ಹತ್ತಿರ ಮಾತ್ರ ಇರುವ ಸಾಮಗ್ರಿ.

ಬರೆಯುವಾಗ ಮೈಯಿಂದ ಶುರು ಮಾಡಿ. ಕಾಲಿಗೆ ಏನು ತಾಗುತ್ತಿತ್ತು, ಯಾವ ವಾಸನೆ ಇತ್ತು, ಕೈ ಎಲ್ಲಿ ನೋಯುತ್ತಿತ್ತು. ಖಾತ್ರಿ ಇದ್ದದ್ದರ ಮುಂದೆ ಒಂದು ಗುರುತು, ಅನುಮಾನ ಇದ್ದದ್ದರ ಮುಂದೆ ಇನ್ನೊಂದು ಗುರುತು ಹಾಕಿ. ಬೇರೆಯವರು ಹೇಳಿ ಹೇಳಿ ನಿಮ್ಮದೇ ಅನ್ನಿಸಿಬಿಟ್ಟ ನೆನಪುಗಳಿಗೆ ಮೂರನೇ ಗುರುತು. ಈ ಮೂರನೇ ಗುಂಪೇ ಜಾಸ್ತಿ ಇರುತ್ತದೆ, ನೋಡಿ.

3. ಜಾಗಕ್ಕೆ ಹೋಗಿ, ಆಟ ಇಲ್ಲದ ಹೊತ್ತಿನಲ್ಲೂ ಹೋಗಿ

ಒಂದು ಸಲ ಆಟ ನಡೆಯುವಾಗ, ಒಂದು ಸಲ ಖಾಲಿ ಇರುವಾಗ, ಒಂದು ಸಲ ಮಳೆ ಬಂದ ಮೇಲೆ. ಮೂರು ಸಲವೂ ಜಾಗ ಬೇರೆಯೇ ಕಾಣುತ್ತದೆ.

ಏನು ನೋಡಬೇಕು? ಮೊದಲು ನೆಲ. ನಮ್ಮ ಎಷ್ಟೋ ಊರುಗಳಲ್ಲಿ ಬೇಸಿಗೆಯ ಕ್ರಿಕೆಟ್ ಮೈದಾನ ಎಂದರೆ ಬತ್ತಿದ ಕೆರೆಯ ಅಂಗಳ. ಮಳೆ ಬಂದರೆ ಪಿಚ್ ನೀರಿನಡಿ ಹೋಗುತ್ತದೆ, ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. ಅಂಥ ಕಡೆ ಟೂರ್ನಮೆಂಟ್ ಯಾವಾಗ ಎಂದು ತೀರ್ಮಾನ ಮಾಡುವುದು ಮೋಡ. ಇದನ್ನು ನೆಲ ನೋಡದೆ ಬರೆಯಲು ಆಗುವುದಿಲ್ಲ.

ಆಮೇಲೆ ಗೋಡೆ, ಮರ, ಚರಂಡಿ, ಕಾಂಪೌಂಡು. ಗಲ್ಲಿ ಕ್ರಿಕೆಟ್ಟಿನ ನಿಯಮಗಳು ಹುಟ್ಟಿದ್ದೇ ಇವುಗಳಿಂದ. ಎಡಗಡೆ ಮನೆಯ ಕಾಂಪೌಂಡಿಗೆ ನೇರ ಬಿದ್ದರೆ ಔಟ್, ಚರಂಡಿಗೆ ಬಿದ್ದರೆ ಎರಡು ರನ್, ಗೋಡೆಗೆ ತಾಗಿ ಬಂದದ್ದನ್ನು ಒಂದೇ ಕೈಯಲ್ಲಿ ಹಿಡಿದರೆ ಔಟ್. ಎಡಗಡೆ ಮನೆಗೆ ಬಿದ್ದರೆ ಯಾಕೆ ಔಟ್? ಆ ಮನೆಯವರು ಚೆಂಡು ವಾಪಸ್ ಕೊಡುತ್ತಿರಲಿಲ್ಲ. ಬಲಗಡೆ ಮನೆಯ ಅಜ್ಜಿ ಕೊಡುತ್ತಿದ್ದರು. ಹಾಗಾಗಿ ಊರಿನ ಹುಡುಗರು ಆಫ್ ಸೈಡ್ ಚೆನ್ನಾಗಿ ಆಡಲು ಕಲಿತರು. ಇಂಥದ್ದೊಂದು ನಿಯಮ ನಿಮ್ಮ ಬೀದಿಯಲ್ಲೂ ಇದ್ದೇ ಇರುತ್ತದೆ. ಒಂದು ಬೀದಿಯ ಸಂಬಂಧಗಳೆಲ್ಲ ಅದರಲ್ಲಿರುತ್ತವೆ. ಆ ನಿಯಮಗಳನ್ನು ಒಂದೊಂದಾಗಿ ಬರೆದುಕೊಂಡು, ಪ್ರತಿಯೊಂದರ ಎದುರಿಗೂ ಯಾರಿಂದ ಬಂತು, ಯಾವುದರಿಂದ ಬಂತು ಅಂತ ಬರೆಯಿರಿ. ನಿಮ್ಮ ಲೇಖನದ ಅರ್ಧ ಪಾತ್ರಗಳು ಅಲ್ಲೇ ಸಿಗುತ್ತವೆ.

ಮೂರನೆಯದು, ಈ ಜಾಗ ಮೊದಲು ಏನಾಗಿತ್ತು ಎಂಬುದು. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಆ ಕೆರೆಯದೆಂದು ಈಗ ಉಳಿದಿರುವುದು ಪಕ್ಕದ ಒಂದು ಚಿಕ್ಕ ಕೊಳ. ಕರಗದ ಆಚರಣೆಯಲ್ಲಿ ಅದಕ್ಕೆ ಇವತ್ತಿಗೂ ಸ್ಥಾನವಿದೆ. ಹಾಕಿ ಕ್ರೀಡಾಂಗಣದ ಜಾಗದಲ್ಲಿ ಅಕ್ಕಿತಿಮ್ಮನಹಳ್ಳಿ ಕೆರೆ ಇತ್ತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ ಆಯಿತು. ಕಂಠೀರವದ ಟ್ರ್ಯಾಕಿನಲ್ಲಿ ಓಡಿದ ನೆನಪು ನಿಮಗಿದ್ದರೆ, ಅದೇ ನೆಲದ ನೀರನ್ನು ನಂಬಿ ತರಕಾರಿ ಬೆಳೆದವರ ನೆನಪು ಇನ್ಯಾರದ್ದೋ ಮನೆಯಲ್ಲಿರುತ್ತದೆ. ಎರಡನ್ನೂ ಒಂದೇ ಬರಹದಲ್ಲಿ ತಂದರೆ ಅದರ ತೂಕವೇ ಬೇರೆ ಆಗುತ್ತದೆ.

ಹಳೆಯ ಗ್ರಾಮ ನಕ್ಷೆಗಳನ್ನು ಕಂದಾಯ ಇಲಾಖೆಯ ಜಾಲತಾಣದಲ್ಲಿ ನೋಡಬಹುದು. ಕೆರೆ, ಗುಂಡುತೋಪು, ಬಂಡಿದಾರಿ ಎಲ್ಲ ಅದರಲ್ಲಿ ಇರುತ್ತವೆ. ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳೂ ಸಿಗುತ್ತವೆ. ಅದಕ್ಕೂ ಮೊದಲು ಮೈದಾನದ ಪಕ್ಕದ ಟೀ ಅಂಗಡಿಯಲ್ಲಿ ಕೇಳಿ.

4. ಜನರನ್ನು ಮಾತಾಡಿಸಿ, ವಸ್ತುಗಳ ಬಗ್ಗೆ ಕೇಳಿ

"ಅವತ್ತು ನಿಮಗೆ ಹೇಗನ್ನಿಸಿತು?" ಅಂತ ಕೇಳಿದರೆ "ಖುಷಿ ಆಯ್ತು" ಅನ್ನುವ ಉತ್ತರ ಬರುತ್ತದೆ. ಹಳೆಯ ಪೈಲ್ವಾನರೊಬ್ಬರ ಎದುರಿಗೆ ಕೂತಾಗ ಹೀಗೆ ಕೇಳಿ: "ಉಸ್ತಾದ್ರೇ, ಆಗ ಮಟ್ಟಿಗೆ ಏನೇನು ಹಾಕ್ತಿದ್ರಿ?" ಅವರು ಅರಿಶಿನ, ತುಪ್ಪ, ಎಣ್ಣೆ ಅಂತ ಹೇಳಲು ಶುರು ಮಾಡುತ್ತಾರೆ. ಆಮೇಲೆ ತುಪ್ಪ ಯಾರು ಕೊಡುತ್ತಿದ್ದರು ಅನ್ನುವ ಮಾತು ಬರುತ್ತದೆ. ಮಟ್ಟಿ ಅಗೆಯುವ ಸರದಿ ಯಾರದ್ದು, ಜೋಡಿ ಕಟ್ಟುವ ದಿನ ಏನೇನು ಜಗಳ ಆಗುತ್ತಿತ್ತು, ಮನೆಯಲ್ಲಿ ಹಾಲು ಬಾದಾಮಿಗೆ ದುಡ್ಡು ಹೇಗೆ ಹೊಂದಿಸುತ್ತಿದ್ದರು, ಎಲ್ಲವೂ ಹಿಂದೆಯೇ ಬರುತ್ತದೆ. ದುಃಖವೂ ಸಂತೋಷವೂ ಅದರೊಳಗೇ ಇರುತ್ತದೆ. ನೀವು ಪ್ರತ್ಯೇಕ ಕೇಳಬೇಕಾಗಿಲ್ಲ.

ಮೊಬೈಲಿನಲ್ಲಿ ಮಾತು ಮುದ್ರಿಸಿಕೊಳ್ಳುವುದಾದರೆ ಮೊದಲೇ ಕೇಳಿ. ಹೆಸರು ಹಾಕಬಹುದೇ ಅಂತಲೂ ಕೇಳಿ. "ಬರ್ಕೊಳ್ಳಿ, ಪರವಾಗಿಲ್ಲ" ಅಂದವರು ಕೂಡ ಮನೆಯ ವಿಷಯ ಬಂದಾಗ ಹಿಂಜರಿಯಬಹುದು. ಆ ಭಾಗ ಬಿಟ್ಟುಬಿಡಿ.

ಇನ್ನೊಂದು ಮಾತು. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಒಂದೇ ಜಾಗ ಎಲ್ಲರಿಗೂ ಒಂದೇ ನೆನಪು ಕೊಡುವುದಿಲ್ಲ. ಕರಾವಳಿಯ ಕಂಬಳದ ಬಗ್ಗೆ ಬರೆಯುವಾಗ ಕೋಣಗಳ ಹೊಳಪು, ಕೊಂಬು ವಾದ್ಯ, ಬೆಳಗಿನವರೆಗೆ ಉರಿಯುವ ದೀಪಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಹಿಂದೆ ಕಂಬಳದ ಮುನ್ನಾ ರಾತ್ರಿ ಕೊರಗ ಸಮುದಾಯದವರು ಗದ್ದೆಯ ಬಳಿ ಮಂಜಿನಲ್ಲಿ ಡೋಲು ಬಾರಿಸುತ್ತ ಕೂರಬೇಕಾಗಿತ್ತು. ಆ ಸಮುದಾಯವನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ ಕಾನೂನು ಮಾಡಿದ್ದು 2000ದಲ್ಲಿ. ಅದೇ ಗದ್ದೆ, ಅದೇ ರಾತ್ರಿ. ಒಬ್ಬರಿಗೆ ಹಬ್ಬದ ನೆನಪು, ಇನ್ನೊಬ್ಬರಿಗೆ ಬೇರೆಯದೇ ನೆನಪು. ಇದನ್ನು ಬಿಟ್ಟು ಬರೆದರೆ ಬರಹ ಸುಂದರವಾಗಿರಬಹುದು, ಪೂರ್ತಿ ಆಗುವುದಿಲ್ಲ.

ಆದ್ದರಿಂದ ಆಡಿದವರನ್ನು ಮಾತಾಡಿಸಿದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ಮೈದಾನಕ್ಕೆ ನೀರು ಹಾಕಿದವರು, ಚೆಂಡು ತಂದುಕೊಟ್ಟ ಹುಡುಗ, ಗರಡಿಯ ಹೊಸ್ತಿಲು ದಾಟದ ಹೆಣ್ಣುಮಕ್ಕಳು, ಆಡಲು ಕರೆಯದೇ ಹೋದ ಕೇರಿಯವರು, ಇವರ ಹತ್ತಿರ ಹೋಗಿ. ನಿಮ್ಮ ಅಕ್ಕನನ್ನೇ ಕೇಳಿ ನೋಡಿ: "ನಾವು ಆಡ್ತಾ ಇದ್ದಾಗ ನೀನು ಎಲ್ಲಿರ್ತಿದ್ದೆ?"

5. ಕಾಗದದ ಜೊತೆ ಹೋಲಿಸಿ

ಈಗ ಹುಡುಕುವ ಹೊತ್ತು. ಸ್ಕೋರ್‌ಕಾರ್ಡು, ಹಳೆಯ ಪತ್ರಿಕೆ, ಶಾಲೆಯ ವಾರ್ಷಿಕ ಸಂಚಿಕೆ, ಟೂರ್ನಮೆಂಟಿನ ಕರಪತ್ರ, ಗೆದ್ದ ಕಪ್ಪಿನ ಮೇಲೆ ಕೆತ್ತಿದ ಇಸವಿ. ಜಿಲ್ಲಾ ಗ್ರಂಥಾಲಯಗಳಲ್ಲಿ ಹಳೆಯ ಪತ್ರಿಕೆಗಳನ್ನು ಕಟ್ಟಿ ಇಟ್ಟಿರುವುದುಂಟು, ವಿಚಾರಿಸಿ.

ದಿನಾಂಕ ಖಚಿತವಾದರೆ ಕೆಲವೊಮ್ಮೆ ಕಥೆಯ ಅರ್ಥವೇ ಬದಲಾಗುತ್ತದೆ. ಒಂದು ಉದಾಹರಣೆ. ನಮ್ಮ ರಾಜ್ಯದ ತಂಡ ಮೊದಲ ಸಲ ರಣಜಿ ಟ್ರೋಫಿ ಗೆದ್ದದ್ದು 1973–74ರಲ್ಲಿ. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಎದುರಿಗಿದ್ದದ್ದು ಅದಕ್ಕೆ ಮುಂಚೆ ಸತತ 15 ಸಲ ಗೆದ್ದಿದ್ದ ಬಾಂಬೆ. ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು, ನಾಯಕ ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಆಮೇಲೆ ಜೈಪುರದಲ್ಲಿ ರಾಜಸ್ಥಾನದ ಮೇಲೆ ಗೆದ್ದು ಟ್ರೋಫಿ ತಂದರು. ಹಿರಿಯರು ಇದನ್ನೆಲ್ಲ ಬಾಯಲ್ಲೇ ಹೇಳುತ್ತಾರೆ. ಈಗ ಇನ್ನೊಂದು ದಿನಾಂಕ ಪಕ್ಕದಲ್ಲಿಡಿ: ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹೆಸರು ಬಂದ ಋತುವಿನಲ್ಲೇ ಟ್ರೋಫಿಯೂ ಬಂತು. ಆಗ ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ರೇಡಿಯೊಗೆ ಕಿವಿಕೊಟ್ಟು ಕೂತಿದ್ದವರಿಗೆ ಆ ತಂಡ ಹಿಂದಿನ ವರ್ಷಕ್ಕಿಂತ ಹೆಚ್ಚು ತಮ್ಮದು ಅನ್ನಿಸಿತೇ? ಇದಕ್ಕೆ ಸ್ಕೋರ್‌ಕಾರ್ಡಿನಲ್ಲಿ ಉತ್ತರ ಇಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿದ್ದು ಎರಡು ದಿನಾಂಕ ಅಕ್ಕಪಕ್ಕ ಇಟ್ಟಿದ್ದರಿಂದ. ಆಗಿನ ಕೇಳುಗರು ಇನ್ನೂ ಇದ್ದಾರೆ, ಬೇಗ ಹೋಗಿ ಕೇಳಿ.

ನೆನಪು ಒಂದು ಹೇಳಿ ಕಾಗದ ಇನ್ನೊಂದು ಹೇಳಿದರೆ? ಎರಡನ್ನೂ ಇಟ್ಟುಕೊಳ್ಳಿ. "ಅಪ್ಪನ ಲೆಕ್ಕದಲ್ಲಿ ಅವತ್ತು ಭಾನುವಾರ. ಪತ್ರಿಕೆಯ ಪ್ರಕಾರ ಗುರುವಾರ. ಅಪ್ಪ ಕೆಲಸಕ್ಕೆ ರಜೆ ಹಾಕಿದ್ದರಿಂದ ಅದು ಅವರಿಗೆ ಭಾನುವಾರವೇ ಆಗಿ ಉಳಿದಿದೆ." ಹೀಗೆ ಬರೆದರೆ ಸತ್ಯಕ್ಕೂ ಮೋಸವಿಲ್ಲ, ಅಪ್ಪನಿಗೂ ಅವಮಾನವಿಲ್ಲ.

6. ಅಂಕಿಗಳನ್ನು ಅವುಗಳ ಜಾಗದಲ್ಲೇ ಇಡಿ

2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣಗಳು ಓಡುವ ಕೆಸರಿನ ಹಾದಿ) 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಅಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ 9.58ಕ್ಕಿಂತ ಕಡಿಮೆ. ದೇಶವೆಲ್ಲ ಸುದ್ದಿಯಾಯಿತು. ಓಟದ ತರಬೇತಿ ಕೇಂದ್ರದಲ್ಲಿ ಪರೀಕ್ಷೆಗೆ ಆಹ್ವಾನವೂ ಬಂತು, ಅವರು ಒಪ್ಪಲಿಲ್ಲ.

ಆ ಭಾಗಾಕಾರದಲ್ಲಿ ಕರೆಯೇ ಮಾಯವಾಗಿದೆ, ಅಲ್ವಾ? ಕೆಸರು ಎಲ್ಲಿ, ಕೋಣಗಳು ಎಲ್ಲಿ? ಕಂಬಳದ ಓಟಗಾರ ಕೋಣಗಳ ವೇಗಕ್ಕೆ ತನ್ನ ಮೈ ಒಪ್ಪಿಸಿ, ನೀರು ತುಂಬಿದ ಗದ್ದೆಯಲ್ಲಿ ಹೆಜ್ಜೆ ತಪ್ಪದಂತೆ ಓಡುತ್ತಾನೆ. ಅದು ಒಂಟಿ ಮನುಷ್ಯನ ಟ್ರ್ಯಾಕ್ ಓಟದ ಜೊತೆ ಅಳೆಯುವ ವಿದ್ಯೆ ಅಲ್ಲ, ಅದಕ್ಕೆ ಅದರದೇ ಘನತೆ ಇದೆ. ಕಂಬಳದಲ್ಲೇ ಕನೆ ಹಲಗೆ ವಿಭಾಗವಿದೆ. ಅಲ್ಲಿ ವೇಗದ ಲೆಕ್ಕವೇ ಇಲ್ಲ. ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು, ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರದ ಅಳತೆ. ಬರೆಯುವವರು ಹಿಡಿಯಬೇಕಾದ್ದು ಇಂಥ ಅಳತೆಗಳನ್ನು.

ಆಟ ಜಾಗ ಬಿಟ್ಟು ಹೋದಾಗಲೂ ಗಮನಿಸಿ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಭತ್ತದ ಗದ್ದೆ ಇಲ್ಲದ ಕಡೆ ಕರೆ ಕಟ್ಟಿದರು, ಕೋಣಗಳು ಘಟ್ಟ ಹತ್ತಿ ಬಂದವು. ಊರು ಬಿಟ್ಟು ಬಂದ ಕರಾವಳಿಯವರಿಗೆ ಅಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ? ಬೆಂಗಳೂರಿನಲ್ಲೇ ಇರುವವರಿಗೆ ಬರೆಯಲು ಇದೊಂದು ಒಳ್ಳೆಯ ವಿಷಯ.

7. ಬರೆಯುವಾಗ

ಆಟದವರ ಮಾತನ್ನು ಹಾಗೇ ಬಿಡಿ. ಕರೆ, ಮಂಜೊಟ್ಟಿ, ಪಟ್ಟು, ಮಾರ್ಫಿಟ್ ಕುಸ್ತಿ. ಅರ್ಥ ವಾಕ್ಯದಲ್ಲೇ ತಿಳಿಯುವಂತೆ ಬರೆದರೆ ಸಾಕು. "ಕೋಣಗಳು ಮಂಜೊಟ್ಟಿ ಏರಿ ನಿಂತವು, ಓಟ ಮುಗಿದಿತ್ತು" ಅಂದರೆ ಘಟ್ಟದ ಮೇಲಿನವರಿಗೂ ಗೊತ್ತಾಗುತ್ತದೆ.

ಗಡಿಯಾರದ ಹಾಗೆ ಬರೆಯಬೇಡಿ. ಐದು ದಿನದ ಪಂದ್ಯ ಎರಡು ಸಾಲಿನಲ್ಲಿ ಮುಗಿಯಲಿ, ಒಂದು ಕ್ಯಾಚ್ ಮೇಲಿಂದ ಕೆಳಗೆ ಬರಲು ಒಂದು ಪುಟ ಹಿಡಿಯಲಿ. ಎಲ್ಲಿ ನಿಧಾನ ಮಾಡಬೇಕು ಅನ್ನುವುದಕ್ಕೆ ನಾನು ಕಂಡುಕೊಂಡ ಉಪಾಯ ಇದು: ಜಾಗ, ಮೈ, ಇನ್ನೊಬ್ಬ ಮನುಷ್ಯ, ಮೂರೂ ಒಟ್ಟಿಗೆ ಬರುವ ಕಡೆ ನಿಲ್ಲಿ.

ಒಂದು ಮಾದರಿ ನೋಡಿ. "ನಮ್ಮ ಶಾಲೆಯ ಮೈದಾನದಲ್ಲಿ ಕಬಡ್ಡಿ ಆಡಿದ ದಿನಗಳು ಮರೆಯಲಾಗದವು" ಎಂಬ ವಾಕ್ಯ ಯಾವ ಊರಿಗಾದರೂ ಹೊಂದುತ್ತದೆ. ಅದನ್ನೇ ಹೀಗೆ ಬರೆಯಬಹುದು: "ಮೈದಾನದ ಮೂಡಣ ಅರ್ಧದಲ್ಲಿ ಮೊರಂ ಕಲ್ಲು. ಟಾಸ್ ಗೆದ್ದವರು ಪಡುವಣ ಅರ್ಧ ಕೇಳುತ್ತಿದ್ದರು. ಸೋತವರ ಮೊಣಕಾಲು ಆ ವಾರವೆಲ್ಲ ಕೆಂಪು." ಇದರಲ್ಲಿ ಒಂದು ಊರು ಇದೆ.

ಗೊತ್ತಿಲ್ಲದ್ದನ್ನು ಕಟ್ಟಬೇಡಿ. ಈ ಪ್ರಕಾರದ ಬರಹ ನಿಂತಿರುವುದೇ ಓದುಗರ ನಂಬಿಕೆಯ ಮೇಲೆ. ನಲವತ್ತು ವರ್ಷದ ಹಿಂದಿನ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವಾಗ ಎರಡು ಸಲ ಯೋಚಿಸಿ. ಕನ್ನಡದಲ್ಲಿ ಇದಕ್ಕೆ ಬೇಕಾದ ಮಾತುಗಳು ಎಷ್ಟೊಂದಿವೆ: "ನನಗೆ ನೆನಪಿರುವ ಹಾಗೆ", "ಅಜ್ಜ ಹೇಳುತ್ತಿದ್ದ ಪ್ರಕಾರ", "ಇದ್ದಿರಬಹುದು", "ಅಂತೆ". ಈ "ಅಂತೆ" ಒಂದೇ ಅಕ್ಷರಜೋಡಿ ಎಷ್ಟೋ ಸುಳ್ಳುಗಳಿಂದ ನಿಮ್ಮನ್ನು ಕಾಪಾಡುತ್ತದೆ.

"ಆಗಿನ ಕಾಲವೇ ಚೆನ್ನಾಗಿತ್ತು" ಎಂಬ ಧಾಟಿ ಬಂದಲ್ಲೆಲ್ಲ ಕೆಂಪು ಗೆರೆ ಎಳೆಯಿರಿ. ಏನು ಚೆನ್ನಾಗಿತ್ತು, ಯಾರಿಗೆ ಚೆನ್ನಾಗಿತ್ತು ಎಂದು ಹೇಳಲು ಬಂದರೆ ಉಳಿಸಿ, ಇಲ್ಲದಿದ್ದರೆ ತೆಗೆಯಿರಿ.

8. ಓದಿಸಿ, ಕಳಿಸಿ

ಮುಗಿದ ಮೇಲೆ ಕೆಲವು ದಿನ ಸುಮ್ನೆ ಬಿಡಿ. ಆಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ಕಡೆ ವಾಕ್ಯ ಮುರಿಯಿರಿ. ಬರಹದಲ್ಲಿ ಬಂದಿರುವ ಯಾರಾದರೊಬ್ಬರಿಗೆ ಓದಿ ಹೇಳಿ. ಅವರು "ಆ ಮರ ಹುಣಸೆ ಅಲ್ಲ, ಹೊಂಗೆ" ಅಂತ ತಿದ್ದುತ್ತಾರೆ. ಆ ತಿದ್ದುಪಡಿಯ ಹಿಂದೆಯೇ ನಿಮಗೆ ಗೊತ್ತಿರದ ಇನ್ನೊಂದು ಸಂಗತಿ ಬರುವುದು ಎಷ್ಟೋ ಸಲ ಉಂಟು. ಪೆನ್ನು ಕೈಯಲ್ಲಿರಲಿ.

ಪತ್ರಿಕೆಗಳ ಸಾಪ್ತಾಹಿಕ ಪುರವಣಿ, ಮಯೂರ, ತುಷಾರದಂಥ ಮಾಸಿಕಗಳು, ದೀಪಾವಳಿ ವಿಶೇಷಾಂಕಗಳಿಗೆ ಇಂಥ ಬರಹ ಕಳಿಸಬಹುದು. ಪ್ರತಿಯೊಂದಕ್ಕೂ ಪದಮಿತಿ ಬೇರೆ, ಮೊದಲು ಅದನ್ನು ನೋಡಿಕೊಳ್ಳಿ. ಹಳೆಯ ಫೋಟೊ ಜೊತೆಗಿದ್ದರೆ ಅದರಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಬರೆದು ಕಳಿಸಿ, ಫೋಟೊ ಕೊಟ್ಟವರ ಒಪ್ಪಿಗೆ ಇರಲಿ. ದಸರಾ ಕುಸ್ತಿಯ ಬರಹವನ್ನು ದಸರೆಯ ವಾರ ಕಳಿಸಿದರೆ ತಡವಾಗುತ್ತದೆ, ಒಂದೆರಡು ತಿಂಗಳು ಮುಂಚೆಯೇ ಕಳಿಸಿ. ಕಂಬಳದ ಋತು ಶುರುವಾಗುವುದು ನವೆಂಬರಿನ ಹೊತ್ತಿಗೆ, ಆ ಬರಹಕ್ಕೆ ಮಳೆಗಾಲದಲ್ಲೇ ಕೂರಬೇಕು.